ಮಾವನವರ ದುರ್ಬೀನು

ಬಂದೂಕೆಂದರೆ ನನಗೆ ಮೊದಲಿನಿಂದಲೂ ಅಂಜಿಕೆ. ಸೈಕಲ್ ಟ್ಯೂಬು ಫಟ್ ಎಂದರೂ ಎದೆ ಹಿಡಿದುಕೊಳ್ಳುವ ಪೈಕಿ ನಾನು. ಇಂಥವನು ಹೋದ ಚಳಿಗಾಲದಲ್ಲಿ ಹೆಂಡತಿಯ ತವರೂರಾದ ಕಿಣ್ಣಿ ಸುಲ್ತಾನದ ಜೋಳದ ಹೊಲದ ಬದುವಿನ ಮೇಲೆ ಕೂತು, ಏರ್‌ಗನ್ನಿನ ದುರ್ಬೀನಿಗೆ ಗುರಿ ಕೂಡಿಸುತ್ತ ಇಡೀ ಮುಂಜಾನೆ ಕಳೆದೆ ಎಂದರೆ ನಮ್ಮ ಕಾಲೇಜಿನಲ್ಲಿ ಯಾರೂ ನಂಬುವುದಿಲ್ಲ. ಫಿಜಿಕ್ಸ್ ಕಲಿಸುವವನಿಗೆ ಗುಂಡು ಹೇಗೆ ಹೋಗುತ್ತದೆ ಎಂಬುದು ಗೊತ್ತಿರಲೇಬೇಕು ಎಂದು ನನ್ನ ಹೆಂಡತಿ ಸುವರ್ಣಾ ನಂಬಿಕೊಂಡಿದ್ದಳು. ಬಂದೂಕು ಹಿಡಿಯಲು ಹೇಗೋ ಧೈರ್ಯ ಬಂದೀತು, ಅವಳ ನಂಬಿಕೆ ಕೆಡಿಸುವ ಧೈರ್ಯ ನನಗಿಲ್ಲ.

ಗನ್ನು ಅವಳ ಅಪ್ಪನದು, ಅಂದರೆ ನನ್ನ ಮಾವನವರದು. ಅದರಿಂದ ಒಂದು ಇರುವೆಯೂ ಸತ್ತಿಲ್ಲ, ಸಾಯುವುದೂ ಇಲ್ಲ. ಜೋಳದ ತೆನೆಯಲ್ಲಿ ಹಾಲು ತುಂಬುವ ಹೊತ್ತಿಗೆ ಹಕ್ಕಿಗಳ ಹಿಂಡು ಇಳಿಯುತ್ತದೆ. ಮಾವನವರು ಅಟ್ಟದ ಮೇಲೆ ನಿಂತು ಕವಣೆ ಬೀಸಿ, ಹೊಲದ ನಡುವೆ ಗಳಕ್ಕೆ ಕಟ್ಟಿದ ತುಪ್ಪದ ಡಬ್ಬಿಗೆ ಕಲ್ಲು ಹೊಡೆಯುತ್ತಿದ್ದರು. ಡಬ್ಬಿ ಠಣ್ ಎಂದರೆ ಹಕ್ಕಿಗಳು ಹಾರುತ್ತಿದ್ದವು. ಹಕ್ಕಿಗೇ ಹೊಡೆಯಬಹುದಲ್ಲ ಎಂದು ಯಾರಾದರೂ ಕೇಳಿದರೆ, ಅದರ ಹೊಟ್ಟೆ ನಮ್ಮ ಹೊಟ್ಟೆಯಂಥದ್ದೇ ಅಲ್ಲವೇ ಎನ್ನುತ್ತಿದ್ದರು. ಹೋದ ವರ್ಷ ಅವರ ರಟ್ಟೆ ಹಿಡಿದುಕೊಂಡಿತು, ಕವಣೆ ಬೀಸುವುದು ನಿಂತಿತು. ಅದಕ್ಕೇ ಕಲಬುರಗಿಯಿಂದ ಈ ಏರ್‌ಗನ್ನು ಬಂತು, ಜೊತೆಗೆ ಮೇಲೆ ಕೂಡಿಸುವ ದುರ್ಬೀನು. ಕೂಡಿಸಿದ್ದೇನೋ ಆಯಿತು. ಆದರೆ ದುರ್ಬೀನಿನಲ್ಲಿ ಡಬ್ಬಿ ಅಂಗೈಯಲ್ಲಿದ್ದಷ್ಟು ದೊಡ್ಡದಾಗಿ ಕಂಡರೂ ಛರ್ರಾ, ಅಂದರೆ ಗನ್ನಿನ ಪುಟ್ಟ ಸೀಸದ ಗುಂಡು, ಮಾತ್ರ ಅದರ ಹತ್ತಿರ ಸುಳಿಯಲಿಲ್ಲ.

ಇಲ್ಲಿ ನಮ್ಮಿಬ್ಬರ ಸಂಬಂಧದ ಬಗ್ಗೆ ನಾಲ್ಕು ಮಾತು ಹೇಳಬೇಕು. ನಮ್ಮದು ಗೋಡೆಯ ಮೇಲೆ ಬುದ್ಧನ ಪಟವಿರುವ ಮನೆ, ಅವರದು ಬಸವಣ್ಣನ ಪಟವಿರುವ ಮನೆ. ನಾನೂ ಸುವರ್ಣಾಳೂ ಓದುವಾಗ ಮೆಚ್ಚಿಕೊಂಡು ರಿಜಿಸ್ಟರ್ ಮದುವೆಯಾದೆವು. ಮಾವನವರು ಬರಲಿಲ್ಲ. ಆಮೇಲೆ ಜಗಳವೇನೂ ಆಗಲಿಲ್ಲ. ಆದದ್ದು ಮರ್ಯಾದೆ, ಮುಗಿಯದಷ್ಟು ಮರ್ಯಾದೆ. ಅವರು ನನ್ನನ್ನು ‘ಸರ’ ಎಂದರು, ನಾನು ಅವರನ್ನು ‘ಮಾವಾರ’ ಎಂದೆ. ಹೆಂಡತಿಯನ್ನು ತವರಿಗೆ ಬಿಡಲು ಹೋದರೆ ಊರ ಹೆಬ್ಬಾಗಿಲಾದ ಅಗಸಿಯಲ್ಲೇ ಬೈಕು ತಿರುಗಿಸುತ್ತಿದ್ದೆ. ಅತ್ತೆಯವರು ಅಮಾಸೆಗೆ ಘತ್ತರಗಿಯ ಭಾಗ್ಯವಂತಿ ದರ್ಶನ ಮುಗಿಸಿ ಬರುವಾಗ ಜೇವರ್ಗಿಯಲ್ಲಿಳಿದು ನಮ್ಮ ಮನೆಗೆ ಬರುತ್ತಿದ್ದರು. ಮಾವನವರು ಅಷ್ಟು ಹೊತ್ತೂ ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಕೂತಿರುತ್ತಿದ್ದರು. ಸುವರ್ಣಾ ಡಬ್ಬಿಯಲ್ಲಿ ಮಾದಲಿ ಕಟ್ಟಿಕೊಂಡು ಅಲ್ಲಿಗೇ ಓಡುತ್ತಿದ್ದಳು. ಮನೆ ಕಟ್ಟಿಸುವಾಗ ಅವಳು ಒಂದು ಕೋಣೆಯ ಕಿಟಕಿಯನ್ನು ಹಟ ಹಿಡಿದು ಕೆಳಗಿಡಿಸಿದಳು. ಅಪ್ಪ ಬಂದರೆ ಮಲಗಿದಲ್ಲಿಂದಲೇ ಬಯಲು ಕಾಣಬೇಕಂತೆ. ಆ ಕೋಣೆಯ ಮಂಚದ ಮೇಲೆ ಒಂಬತ್ತು ವರ್ಷದಿಂದ ಯಾರೂ ಮಲಗಿರಲಿಲ್ಲ. ಆದರೂ ಅವಳು ವಾರಕ್ಕೊಮ್ಮೆ ಚಾದರ ಬದಲಿಸುತ್ತಿದ್ದಳು.

ಸರಿ, ದುರ್ಬೀನಿಗೆ ಬರೋಣ. ನಮ್ಮ ನೋಟ ನೆಟ್ಟಗೆ ಹೋಗುತ್ತದೆ, ಗುಂಡು ಬಾಗಿ ಬೀಳುತ್ತದೆ. ದುರ್ಬೀನು ನಳಿಕೆಯ ಮೇಲಿರುವುದರಿಂದ ಎರಡರ ದಾರಿಯೂ ಬೇರೆ. ಅವೆರಡೂ ಬೇಕಾದ ದೂರದಲ್ಲಿ ಕೂಡುವ ಹಾಗೆ ದುರ್ಬೀನಿನ ಮೇಲಿನ ಮತ್ತು ಪಕ್ಕದ ಗುಬ್ಬಿಗಳನ್ನು, ಅಂದರೆ ಗುಂಡಿಯಂಥ ತಿರುಪುಗಳನ್ನು, ಕಟ್ ಕಟ್ ಎಂದು ತಿರುಗಿಸಬೇಕು. ಬಲ್ಲವರು ಇದನ್ನು ‘ಝೀರೋ ಮಾಡುವುದು’ ಎನ್ನುತ್ತಾರೆ. ಶೂನ್ಯವೆಂದರೆ ನಮ್ಮ ಬುದ್ಧನ ಕಡೆಯವರಿಗೂ ದೊಡ್ಡ ಮಾತು, ಶರಣರ ಕಡೆಯವರಿಗೂ ದೊಡ್ಡ ಮಾತು. ಇಬ್ಬರೂ ಸೇರಿ ಅದನ್ನು ಏರ್‌ಗನ್ನಿನಲ್ಲಿ ಹುಡುಕಬೇಕಾದೀತೆಂದು ಯಾರೂ ಎಣಿಸಿರಲಿಕ್ಕಿಲ್ಲ.

ಹಳೆಯ ಪ್ರಶ್ನೆಪತ್ರಿಕೆಗೆ ಕುಂಕುಮದ ಬೊಟ್ಟಿಟ್ಟು ಡಬ್ಬಿಯ ಕೆಳಗೆ ನಿಲ್ಲಿಸಿದ ಒಂದು ಹಲಗೆಗೆ ಅಂಟಿಸಿದೆ. ಮಾವನವರು ಗೋಣಿಚೀಲದ ಮೇಲೆ ಗನ್ನಿಟ್ಟು ಹೊಡೆದರು. ನಾನು ಹೋಗಿ ನೋಡಿದೆ. ಛರ್ರಾ ಒಂದು ಗೇಣು ಎಡಕ್ಕೆ ಬಿದ್ದಿತ್ತು.

“ಎಲ್ಲಿ ಬಿತ್ರಿ ಸರ?”

“ಜರಾ ಎಡಕ್ಕ ಅದರಿ ಮಾವಾರ. ಭಾಳೇನಿಲ್ರಿ.”

ಹಿರಿಯರಿಗೆ ಗೇಣು ಎಂದು ಹೇಗೆ ಹೇಳುವುದು? ಅವರು ನೀರು ಕುಡಿಯುವಾಗ ಸದ್ದಿಲ್ಲದೆ ಗುಬ್ಬಿ ತಿರುವಿದೆ. ಈ ಸಲ ಛರ್ರಾ ಗೇಣು ಬಲಕ್ಕೆ ಹೋಯಿತು. ಮತ್ತೆ ಸ್ವಲ್ಪ ಈಚೆ ತಿರುವಿದರೆ ಎಡಕ್ಕೆ. ಹೀಗೆ ಬಿಸಿಲೇರುವವರೆಗೂ ಛರ್ರಾ ಬೊಟ್ಟಿನ ಆಚೆ ಈಚೆ ಜೋಕಾಲಿಯಾಡಿತು. ನ್ಯೂಟನ್ನನ ನಿಯಮಗಳು ಆಳಂದ ತಾಲ್ಲೂಕಿನಲ್ಲಿ ನಡೆಯುವುದಿಲ್ಲವೇನೋ ಎಂದು ನನಗೇ ಅನುಮಾನ ಬಂತು. ಹಕ್ಕಿಗಳು ಪಂಕ್ತಿ ಊಟಕ್ಕೆ ಕೂತವರ ಹಾಗೆ ನಿರುಮ್ಮಳವಾಗಿ ತಿನ್ನುತ್ತಿದ್ದವು.

ಕೊನೆಗೆ ಮಾವನವರು ನನ್ನ ಕೈ ಗುಬ್ಬಿಯ ಮೇಲಿರುವುದನ್ನು ನೋಡಿಬಿಟ್ಟರು.

“ನೀವು ಅದನ್ನ ತಿರುವಾಕತ್ತೀರೇನ್ರಿ?”

“ಹೌದ್ರಿ. ಎಡಕ್ಕ ಬೀಳಾಕತ್ತಿತ್ತಲ್ರಿ, ಅದಕ್ಕ ಬಲಕ್ಕ ತಿರುವಿದೆ.”

“ಅಯ್ಯ ಶಿವನ! ನಿಮಗ್ಯಾಕ ತ್ರಾಸಂತ ನಾನ ಬಲಕ್ಕ ಹಿಡ್ದು ಹೊಡಿಯಾಕತ್ತೇನಲ್ರಿ! ಖರೇ ಹೇಳ್ರಿ, ಮೊದಲನೇದು ಎಷ್ಟು ದೂರ ಬಿದ್ದಿತ್ತು?”

“ಒಂದು ಗೇಣು ಮಾವಾರ.”

“ಗೇಣು! ಮತ್ತ ಭಾಳೇನಿಲ್ಲ ಅಂದ್ರಿ?”

“ನಿಮಗ ಬ್ಯಾಸರ ಆಗಬಾರದಂತ…”

ಅವರು ನಕ್ಕರು. ರುಮಾಲು ಜಾರಿ ಬೀಳುವಂತೆ ನಕ್ಕರು. ನನ್ನ ಮಾವನಿಗೆ ಮುಂದಿನ ಒಂದು ಹಲ್ಲಿಲ್ಲವೆಂದು ನನಗೆ ಅಂದೇ ಗೊತ್ತಾಯಿತು. ಆಮೇಲೆ ಒಪ್ಪಂದವಾಯಿತು. ಎಲ್ಲೇ ಬೀಳಲಿ, ಅವರು ಬೊಟ್ಟಿಗೆ ಮಾತ್ರ ಗುರಿ ಹಿಡಿಯಬೇಕು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿ ಗುಬ್ಬಿ ತಿರುವಬೇಕು. ಒಂದು ಚಹಾ ಕುಡಿಯುವಷ್ಟು ಹೊತ್ತಿನಲ್ಲಿ ಛರ್ರಾ ಬೊಟ್ಟಿಗೇ ಬಿತ್ತು. ಗುರಿ ಮೇಲೆತ್ತಿ ಹೊಡೆದರೆ ಡಬ್ಬಿ ಠಣ್ ಎಂದಿತು, ಹೊಲದ ಮೇಲಿಂದ ಹಿಂಡೆಲ್ಲ ಎದ್ದಿತು.

ಒಬ್ಬರಿಗೊಬ್ಬರು ನೋವಾಗಬಾರದೆಂದು ಇಬ್ಬರೂ ಹೇಳದೆಯೇ ಸರಿಮಾಡಲು ಹೊರಟರೆ ಹೀಗೇ ಆಗುತ್ತದೆ. ಅವರಿಗೆ ಮುಜುಗರವಾಗಬಾರದೆಂದು ಅಗಸಿಯಲ್ಲಿ ಬೈಕು ತಿರುಗಿಸಿದ್ದೂ ಇದೇ ಅಲ್ಲವೇ ಎಂದು ನನಗೆ ಹೊಳೆಯಿತು. ಖರೇ ಹೇಳುವ ಒಪ್ಪಂದ ಇನ್ನೂ ಬಿಸಿಯಾಗಿತ್ತು. ಕೇಳಿಯೇಬಿಟ್ಟೆ.

“ಬಸ್‌ಸ್ಟ್ಯಾಂಡ್ ತನಕ ಬಂದವರು ಮನಿಗ್ಯಾಕ ಬರಂಗಿಲ್ರಿ ಮಾವಾರ?”

ಅವರು ಒಂದು ಛರ್ರಾವನ್ನು ಬೆರಳ ನಡುವೆ ಉರುಳಿಸಿದರು.

“ಹಡದ ಮಗಳ ಮದಿವಿಗೆ ಬರಲಿಲ್ಲ ನಾ. ಈಗ ಊಟಕ್ಕಂತ ಯಾವ ಮುಖ ಇಟ್ಕೊಂಡು ಬರ್ಲಿರಿ ಸರ? ನೀವೂ ಅಗಸಿಂದನ ತಿರುಗಿ ಹೋಗ್ತಿದ್ರಿ. ನಮ್ಮ ಮನಿ ನಿಮಗ ಬ್ಯಾಡಾಗ್ಯದ ಅಂತ ತಿಳ್ದೆ.”

ಹೇಳಬೇಕಾದ ಮಾತುಗಳು ಎಷ್ಟೋ ಇದ್ದವು, ಬಾಯಿಗೆ ಬಂದದ್ದು ಫಿಜಿಕ್ಸೇ. “ದುರ್ಬೀನು ಆಗಾಗ ಅಲುಗತದ್ರಿ. ಗುರಿ ತಪ್ಪಿತಂದ್ರ ತಗೊಂಡು ಮನಿಗೆ ಬಂದುಬಿಡ್ರಿ.” ಅವತ್ತು ನಾನು ಅಗಸಿ ದಾಟಿ ಹೋಗಿ, ಅವರ ಪಕ್ಕದಲ್ಲಿ ಕೂತು ರೊಟ್ಟಿ ತಿಂದೆ.

ಹದಿನೈದು ದಿನ ಕಳೆದಿರಬೇಕು. ಒಂದು ಮಧ್ಯಾಹ್ನ ನಮ್ಮ ಬಾಗಿಲಲ್ಲಿ ಮಾವನವರು. ಒಂದು ಕಂಕುಳಲ್ಲಿ ಕೌದಿಯಲ್ಲಿ ಸುತ್ತಿದ ಗನ್ನು, ಇನ್ನೊಂದು ಕೈಯಲ್ಲಿ ಸೀತನಿಯ ಎಳೆ ಜೋಳದ ತೆನೆಯ ಚೀಲ. ಎರಡು ಬಸ್ಸು ಬದಲಿಸಿ ಬಂದಿದ್ದರು. ಬಾಗಿಲು ತೆರೆದವಳು ಸುವರ್ಣಾ.

“ಗುರಿ ತಪ್ಯದಬೇ ಯವ್ವಾ,” ಎಂದರು ಅವರು, ಹೊಸ್ತಿಲ ಹೊರಗೇ ನಿಂತು. “ಸರ ಅದಾರೇನು?”

ಅವಳು ಅವರ ಕೈಯ ಚೀಲ ಇಸಿದುಕೊಂಡು, ಆ ಕೈಯನ್ನೇ ಹಿಡಿದು ಒಳಗೆ ಕರೆದುಕೊಂಡಳು.

ಊಟವಾದ ಮೇಲೆ ಹಿಂದಿನ ಖಾಲಿ ಪ್ಲಾಟಿನ ಮಣ್ಣುಗುಡ್ಡೆಗೆ ಬೊಟ್ಟಿಟ್ಟ ಕಾಗದ ಸಿಕ್ಕಿಸಿ, ಹೊಲದಲ್ಲಿದ್ದಷ್ಟೇ ದೂರ ಅಳೆದು ಕೂತೆವು. ಮಾವನವರು ಒಂದು ಹೊಡೆದರು, ಇನ್ನೊಂದು ಹೊಡೆದರು, ಮತ್ತೊಂದು. ನಾನೂ ಸುವರ್ಣಾಳೂ ಹೋಗಿ ನೋಡಿದೆವು. ಮೂರೂ ಛರ್ರಾ ಬೊಟ್ಟಿನ ಒಳಗೇ ಒಂದಕ್ಕೊಂದು ಅಂಟಿಕೊಂಡು ಹೊಕ್ಕಿದ್ದವು. ದುರ್ಬೀನು ಕೂದಲೆಳೆಯಷ್ಟೂ ಅಲುಗಿರಲಿಲ್ಲ. ಸುವರ್ಣಾ ಕಾಗದ ನೋಡಿದಳು, ನನ್ನ ಮುಖ ನೋಡಿದಳು, ಅವಳ ಕಣ್ಣು ತುಂಬಿಕೊಂಡವು.

“ಖರೇ ಹೇಳ್ರಿ ಸರ,” ಎಂದು ಅಲ್ಲಿಂದ ಕೂಗಿದರು ಮಾವನವರು. “ಎಲ್ಲಿ ಬಿದ್ದದ?”

“ಭಾಳ ಎಡಕ್ಕ ಹೊಂಟದರಿ ಮಾವಾರ!” ಎಂದೆ. “ಸರಿಮಾಡಾಕ ನಾಲ್ಕೈದು ದಿನರೆ ಹಿಡಿತದರಿ!”

ಅವರು ಗನ್ನನ್ನು ಕೌದಿಯ ಮೇಲೆ ಮೆಲ್ಲಗೆ ಮಲಗಿಸಿ, “ನನಗೂ ಹಂಗ ಅನಿಸಿತ್ತು ನೋಡ್ರಿ,” ಎಂದು ರುಮಾಲು ಬಿಚ್ಚಿ ಕೊಡವಿ, ಮಗಳ ಮನೆಯ ಗೂಟಕ್ಕೆ ತೂಗುಹಾಕಲು ಒಳಗೆ ನಡೆದರು.