ಎತ್ತಿಟ್ಟ ಗಾಲಿ

ನನ್ನ ಮೈದುನನ ಅಂಗೈ ರೇಖೆಗಳು ಕಪ್ಪಗಿದ್ದವು. ಸೀಮೆಎಣ್ಣೆಯಲ್ಲಿ ತೊಳೆದು, ಮೇಲೆ ಕಡಲೆಹಿಟ್ಟು ಹಚ್ಚಿ ತಿಕ್ಕಿದರೂ ಆ ಗೆರೆಗಳೊಳಗಿನ ಗ್ರೀಸು ಹೋಗುತ್ತಿರಲಿಲ್ಲ. ಊಟಕ್ಕೆ ಕೂತಾಗ ಅತ್ತೆಯ ಕಣ್ಣಿಗೆ ಬೀಳಬಾರದೆಂದು ಎಡಗೈಯನ್ನು ತೊಡೆಯ ಕೆಳಗೆ ಸೇರಿಸಿ, ಬಲಗೈಯಲ್ಲಿ ರೊಟ್ಟಿಯನ್ನು ಲಗುಬಗೆಯಿಂದ ಮುರಿಯುತ್ತಿದ್ದ. ಅತ್ತೆ ನೋಡದೆ ಬಿಡುತ್ತಿರಲಿಲ್ಲ. "ಆ ಕೈಲೆ ಉಂಡ್ರ ಹೊಟ್ಟ್ಯಾಗ ಇಂಜಿನ್ ಹುಟ್ಟತೈತಿ ನೋಡು" ಎಂದು ಗದರಿ, ಆಮೇಲೆ ತಾವೇ ಅವನ ತಾಟಿಗೆ ಬೆಣ್ಣೆ ಹಾಕುತ್ತಿದ್ದರು.

ನಾನು ಮಾಳಮಡ್ಡಿಯ ಆ ಮನೆಗೆ ಸೊಸೆಯಾಗಿ ಬಂದದ್ದು ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ. ಮನೆಯಲ್ಲಿ ಅತ್ತೆ, ನನ್ನ ಗಂಡ, ಮೈದುನ, ಇಷ್ಟೇ ಜನ. ನನ್ನ ಗಂಡ ಸರಕಾರಿ ಕಚೇರಿಯ ಗುಮಾಸ್ತ; ಪೆನ್ನಿನ ಟೊಪ್ಪಿಗೆ ಸಡಿಲಾದರೂ ಸಹಿಸದ ಮನುಷ್ಯ. ಮೈದುನ ಹುಬ್ಬಳ್ಳಿಯ ವಿದ್ಯಾನಗರದ ಕಾಲೇಜೊಂದರ ವರ್ಕ್‌ಶಾಪಿನಲ್ಲಿ ಹುಡುಗರಿಗೆ ಕಬ್ಬಿಣ ಉಜ್ಜುವುದನ್ನು ಕಲಿಸುತ್ತಿದ್ದ. ಹಿತ್ತಲಿನ ಸೀತಾಫಲದ ಗಿಡದ ಕೆಳಗೆ, ತೀರಿಹೋದ ಮಾವನವರ ಪದ್ಮಿನಿ ಕಾರು ನಿಂತಿತ್ತು. ಹಿಂದಿನ ಸೀಟಿನಲ್ಲಿ ಬೆಕ್ಕು ಎರಡು ಸಲ ಮರಿ ಹಾಕಿತ್ತು. ಬದುಕಿದ್ದಾಗ ಮಾವ ಆ ಕಾರಿನ ಬಾಗಿಲನ್ನೂ ಚಿಕ್ಕ ಮಗನಿಗೆ ಮುಟ್ಟಗೊಡಲಿಲ್ಲವಂತೆ. ಪರೀಕ್ಷೆಯಲ್ಲಿ ನಪಾಸಾದವನ ಕೈಗೆ ಬೀಗದ ಕೈ ಕೊಡುವುದಿಲ್ಲ ಎಂದಿದ್ದರಂತೆ. ಆ ಮಾತು ಅವನಿಗೆ ಚುಚ್ಚಿತ್ತು, ಚುಚ್ಚಿಕೊಂಡೇ ಉಳಿದಿತ್ತು.

ಒಂದು ದಿನ ಕಾಲೇಜಿನ ಲೈಬ್ರರಿಯಲ್ಲಿ ಯಾವುದೋ ಇಂಗ್ಲಿಷ್ ಪತ್ರಿಕೆ ನೋಡಿಕೊಂಡು ಬಂದವನು ಚಹಾ ಕುಡಿಯುವುದನ್ನೂ ಮರೆತು ಅತ್ತಿಗೆಯಾದ ನನ್ನ ಮುಂದೆ ಮಾತಾಡಿದ. "ಡ್ರ್ಯಾಗ್ ರೇಸ್ ಅಂತ ವೈನಿ. ಎರಡು ಕಾರು ಬಾಜೂಬಾಜೂ ನಿಲ್ಲೂದು. ನಾಕನೂರು ಮೀಟರ್ ನೆಟ್ಟಗ ಓಡೂದು. ತಿರುವಿಲ್ಲ, ಮುರುವಿಲ್ಲ. ಯಾರು ಮೊದಲ ಮುಟ್ಟತಾರ ಅವರು ಗೆದ್ರು."

ನನ್ನ ಗಂಡ ಪೇಪರಿನಿಂದ ತಲೆ ಎತ್ತಲಿಲ್ಲ. "ನಾಕನೂರು ಮೀಟರ್ ಅಂದ್ರ ನಮ್ಮ ಮನಿಯಿಂದ ಹಿಟ್ಟಿನ ಗಿರಣಿ ತನಕ. ನಡಕೋತ ಹೋದ್ರೂ ಐದು ನಿಮಿಷ. ಅದಕ್ಯಾಕ ಇಷ್ಟು ಖಟಪಟಿ?"

"ಐದು ನಿಮಿಷ ಅಲ್ಲೋ ಅಣ್ಣ, ಹದಿನೆಂಟು ಸೆಕೆಂಡ್. ಅಪ್ಪನ ಕಾರು ಅಷ್ಟರಾಗ ಮುಟ್ಟಿಸಿ ತೋರಸ್ತೇನಿ."

ಪರಊರಿನ ಹಳೆಯ ವಿಮಾನ ಪಟ್ಟಿಯೊಂದರ ಮೇಲೆ ವರ್ಷಕ್ಕೊಮ್ಮೆ ಅಂಥ ಓಟ ನಡೆಯುತ್ತಿತ್ತು. ಅಲ್ಲಿ ಒಮ್ಮೆ ಅಪ್ಪನ ಕಾರನ್ನು ಸಾಲಿನಲ್ಲಿ ನಿಲ್ಲಿಸಬೇಕು, ಹದಿನೆಂಟು ಸೆಕೆಂಡಿನೊಳಗೆ ಮುಟ್ಟಿಸಬೇಕು. ಇಷ್ಟೇ ಅವನ ಆಸೆ. ಮದುವೆಯ ಮಾತೆತ್ತಿದರೂ "ಅದೊಂದು ಆಗಲಿ" ಅನ್ನುತ್ತಿದ್ದ.

ಮುಂದಿನ ಐದಾರು ವರ್ಷ ನಮ್ಮ ಹಿತ್ತಲು ಹಿತ್ತಲಾಗಿ ಉಳಿಯಲಿಲ್ಲ. ಹುಬ್ಬಳ್ಳಿಯ ಗುಜರಿಯಿಂದ ದೊಡ್ಡ ಇಂಜಿನ್ ಬಂತು. ಕಾರಿನ ಭಾರ ಇಳಿಸಬೇಕೆಂದು ಹಿಂದಿನ ಸೀಟು ಕಿತ್ತ. ಅದು ಪಡಸಾಲೆಗೆ ಬಂದು ಅತ್ತೆಯವರ ಅಕ್ಕಿ ಆರಿಸುವ ಆಸನವಾಯಿತು. ಸಿಗರೇಟಿನ ಬೂದಿ ಹಾಕುವ ಡಬ್ಬಿಯನ್ನೂ ಬಿಚ್ಚಿ, ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿಕೊಂಡು ಬಂದು, ಅರ್ಧ ಪಾವು ಕಡಿಮೆಯಾಯಿತೆಂದು ಹಿಗ್ಗಿದ. ಅಂಗಡಿಯವನು ಇವನಿಗೆ ತಲೆ ಸರಿ ಇಲ್ಲವೆಂದು ಓಣಿಗೆಲ್ಲ ಹೇಳಿದ.

ನಾನು ಹೆಣ್ಣುಮಕ್ಕಳ ಶಾಲೆಯಲ್ಲಿ ಗಣಿತದ ಶಿಕ್ಷಕಿ. ಆಟದ ಸ್ಪರ್ಧೆಗೆ ಬಳಸುವ ಸ್ಟಾಪ್‌ವಾಚು ನನ್ನ ಕಪಾಟಿನಲ್ಲಿರುತ್ತಿತ್ತು. ಹಾಗಾಗಿ ಅವನ ಓಟದ ವೇಳೆ ಅಳೆಯುವ ಕೆಲಸ ನನ್ನ ಪಾಲಿಗೆ ಬಂತು. ರವಿವಾರ ಬೆಳಿಗ್ಗೆ ಪಕ್ಕದ ಹಳ್ಳಿ ಮುಗದದ ಕಡೆ ಹೋಗುವ ರಸ್ತೆಯಲ್ಲಿ ಒಂದು ಹುಣಸೆಮರದಿಂದ ಒಂದು ಮೋರಿಯವರೆಗೆ ಟೇಪು ಹಿಡಿದು ಅಳೆದಿದ್ದೆವು. ನಾನು ಮೋರಿಯ ಕಟ್ಟೆಯ ಮೇಲೆ ಸೆರಗು ಬಿಗಿದು ನಿಲ್ಲುತ್ತಿದ್ದೆ. ಮೊದಲ ಸಲ ಇಪ್ಪತ್ತನಾಲ್ಕು ಸೆಕೆಂಡು. ಒಂದು ವರ್ಷದ ಮೇಲೆ ಇಪ್ಪತ್ತೊಂದು. ಕೊನೆಯ ಸಲ ಹದಿನೆಂಟೂವರೆ. ಅಂದು ಅವನು ಕಾರಿನಿಂದಿಳಿದು ನನ್ನ ಕಾಲಿಗೆ ನಮಸ್ಕಾರ ಮಾಡಿದ. ನನಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು.

ಕಾರು ಎತ್ತುವ ಜಾಕು ತಿರುವುವುದನ್ನು ನನಗೆ ಕಲಿಸಿದವನೂ ಅವನೇ. ಕಲಿಸುವಾಗ ಒಂದು ಕಟ್ಟುನಿಟ್ಟು ಹೇಳಿದ್ದ. "ಗಾಲಿ ಮ್ಯಾಲ ಐತಿ ಅಂದ್ರ ಬೋಲ್ಟು ಸಡ್ಲ ಅದಾವು ಅಂತ ತಿಳೀರಿ. ಜಾಕ್ ಇಳಿಸಿದ ಕೈನ ಪಾನಾ ಹಾಕಿ ಬಿಗಿ ಮಾಡಬೇಕು. ನಡುವ ಚಹಾಕ್ಕೂ ಏಳಬಾರದು. ನನಗ ಮರವು ಭಾಳ. ಕೆಲಸ ಬಾಕಿ ಐತೋ ಮುಗದೈತೋ ಅಂತ ಗಾಲೀನ ನನಗ ಹೇಳಬೇಕು." ಅವನು ನಂಬುತ್ತಿದ್ದದ್ದು ತನ್ನ ನೆನಪನ್ನಲ್ಲ, ಗಾಲಿಯನ್ನು.

ಆ ವರ್ಷ ದಸರೆಯ ನಂತರ ಓಟವಿತ್ತು. ಹೆಸರು ನೋಂದಾಯಿಸಿ ಆಗಿತ್ತು. ಖಂಡೇಪೂಜೆಯ, ಅಂದರೆ ಆಯುಧಪೂಜೆಯ ದಿನ ಬೆಳಿಗ್ಗೆ ಅವನು ಮುಂದಿನ ಎಡಗಾಲಿ ಬಿಚ್ಚಿ ಬ್ರೇಕು ಸರಿಮಾಡುತ್ತಿದ್ದ. ಮನೆಯ ಕಬ್ಬಿಣವೆಲ್ಲ ಅಂದು ಪೂಜೆಗೆ ಕೂಡಬೇಕು, ಪೂಜೆಯಾದ ಮೇಲೆ ಮರುದಿನ ಬನ್ನಿ ಕೊಡುವವರೆಗೆ ಯಾವುದನ್ನೂ ಮುಟ್ಟಬಾರದು. ಅತ್ತೆ ಇದರಲ್ಲಿ ಬಲು ಕಟ್ಟುನಿಟ್ಟು. "ಹೊತ್ತಾತು, ಮೈ ತೊಳಕೊಂಡ ಬಾ" ಎಂದು ಮೂರು ಸಲ ಕೂಗಿದರು. ಅವನು ಗಾಲಿ ಕೂರಿಸಿ, ಬೋಲ್ಟುಗಳನ್ನು ಕೈಯಿಂದ ಸುಮ್ಮನೆ ತಿರುವಿ, ಕಾರನ್ನು ಜಾಕಿನ ಮೇಲೆಯೇ ಬಿಟ್ಟು ಬಚ್ಚಲಿಗೆ ಹೋದ.

ನಾನು ಬೋಲ್ಟು ಬಿಗಿಯುವ ಪಾನಾ, ಇಕ್ಕಳ ಎಲ್ಲ ಆರಿಸಲು ಹಿತ್ತಲಿಗೆ ಬಂದೆ. ಒಲೆಯ ಮೇಲೆ ಹೋಳಿಗೆಯ ಹೂರಣ ಇತ್ತು. ಒಂದು ಕೈಯಲ್ಲಿ ಅರಿಷಿಣ ಕುಂಕುಮ, ಇನ್ನೊಂದರಲ್ಲಿ ನಾಲ್ಕು ನಿಂಬೆಹಣ್ಣು. ಮೂರು ಗಾಲಿಗಳ ಮುಂದೆ ಹಣ್ಣು ಇಟ್ಟೆ. ನಾಲ್ಕನೆಯದು ಮೇಲೆ ತೇಲುತ್ತಿತ್ತು; ಅದರ ಕೆಳಗೆ ಹಣ್ಣು ಇಟ್ಟರೂ ಒಡೆಯುವುದು ಹೇಗೆ? ಜಾಕೂ ಪೂಜೆಗೆ ಬೇಕಲ್ಲ. ಹಬ್ಬದ ಗಡಿಬಿಡಿಯಲ್ಲಿ ಅವನ ಕಟ್ಟುನಿಟ್ಟು ನೆನಪಾಗಲೇ ಇಲ್ಲ; ತಿರುವಿ ಇಳಿಸಿದೆ. ಗಾಲಿಯ ಹೊಳೆಯುವ ಟೊಪ್ಪಿಗೆ ನೆಲದ ಮೇಲಿತ್ತು. ಅದನ್ನೂ ಸೆರಗಿನಿಂದ ಒರೆಸಿ ಬೋಲ್ಟುಗಳ ಮೇಲೆ ಒತ್ತಿ ಕೂರಿಸಿ, ಕುಂಕುಮ ಹಚ್ಚಿದೆ. ಜಾಕು, ಪಾನಾ ದೇವರ ಕೋಣೆಗೆ ಒಯ್ದೆ. ಎಲ್ಲವೂ ಎಷ್ಟು ಅಚ್ಚುಕಟ್ಟಾಗಿ ಮಾಡಿದೆನೆಂದರೆ ಈಗಲೂ ನನ್ನ ಕೈ ನೋಡಿಕೊಂಡರೆ ಮೈ ಉರಿಯುತ್ತದೆ.

ಅವನು ಮಡಿ ಉಟ್ಟು ಬಂದು, ಚೆಂಡುಹೂವಿನ ಹಾರ ಹಾಕಿಕೊಂಡು ನಾಲ್ಕೂ ಗಾಲಿಯ ಮೇಲೆ ನಿಂತ ಕಾರನ್ನು ಕಂಡು, "ಏನ್ ಚಂದ ಕಾಣಾಕತ್ತೇತಿ ನೋಡ್ರಿ ವೈನಿ" ಅಂದ. ಎಲ್ಲರೂ ಸೇರಿ ಕಾರು ದೂಡಿ ನಿಂಬೆಹಣ್ಣು ಒಡೆಸಿದೆವು.

ಮರುದಿನ ಸಂಜೆ ಬನ್ನಿ ಕೊಟ್ಟು, "ಬನ್ನಿ ತಗೊಂಡು ಬಂಗಾರದಾಂಗ ಇರೂಣ್ರಿ ವೈನಿ" ಎಂದು ನಕ್ಕ. ದಸರೆಗೆ ಗಾಡಿ ಊರ ಸೀಮೆ ದಾಟಿ ಬರಬೇಕು. ಎಂದೂ ಆ ಕಾರು ಹತ್ತದ ನನ್ನ ಗಂಡ ಅಂದು ತಾವಾಗಿ ಎದ್ದರು. "ನಡಿಯಪ್ಪ, ಐದು ವರ್ಷ ಏನ್ ಮಾಡೀದಿ ನೋಡೇ ಬಿಡೂಣು." ಮೈದುನನ ಮುಖ ಅರಳಿದ್ದನ್ನು ನಾನು ಕಂಡೆ. ಅಣ್ಣನನ್ನು ಎಡಗಡೆಯ ಸೀಟಿನಲ್ಲಿ ಕೂರಿಸಿ ಬಾಗಿಲು ತಾನೇ ಹಾಕಿದ.

ಒಂದು ತಾಸಿನ ಮೇಲೆ ಮುಗದದ ಹಾಲಿನವನು ಸೈಕಲ್ ತುಳಿದುಕೊಂಡು ಬಂದ. "ಅಕ್ಕಾರ, ಲಗೂ ಬರ್ರಿ. ಕಾರು ಹುಣಸಿಮರಕ್ಕ ಬಡದೈತಿ. ಎಡಗಡೆ ಮುಂದಿನ ಗಾಲಿ ಕಳಚಿ ಹೊಲದಾಗ ಬಿದ್ದೈತ್ರಿ."

ಗಾಲಿ ಎಂದು ಕೇಳಿದ ಕೂಡಲೇ ನನಗೆ ತಿಳಿಯಿತು.

ಮೈದುನನ ಮಣಿಕಟ್ಟು ಮುರಿದಿತ್ತು. ನನ್ನ ಗಂಡ ಮೂರನೆಯ ದಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ಪಂಚನಾಮೆಗೆ ಬಂದ ಪೊಲೀಸರ ಮುಂದೆ, ಅತ್ತೆಯ ಎದುರೇ, ಮೈದುನ ಹೇಳಿದ: "ಬೋಲ್ಟು ಬಿಗಿ ಮಾಡೂದು ಮರ್ತೆ ಸಾಹೇಬ್ರ. ತಪ್ಪು ನಂದು." ಹೇಳುವ ಮೊದಲು ದೇವರ ಕೋಣೆಯ ಬಾಗಿಲಲ್ಲಿ ನಿಂತು, ಕುಂಕುಮ ಹಚ್ಚಿದ ಜಾಕನ್ನು ಬಹಳ ಹೊತ್ತು ನೋಡಿದ್ದ. ಅವನಿಗೆ ಎಲ್ಲ ಗೊತ್ತಾಗಿತ್ತು.

ಹದಿಮೂರನೆಯ ದಿನ ಮುಗಿದ ಮೇಲೆ ಹಿತ್ತಲಲ್ಲಿ ಅವನನ್ನು ಹಿಡಿದು ನಿಲ್ಲಿಸಿದೆ. "ಜಾಕ್ ಇಳಿಸಿದಾಕಿ ನಾ. ಅತ್ತಿಯವರಿಗೆ ಇವತ್ತ ಹೇಳ್ತೇನಿ."

"ಹೇಳಬ್ಯಾಡ್ರಿ ವೈನಿ."

"ಯಾಕ?"

"ಅವ್ವ ನನ್ನ ಜೋಡಿ ಮಾತು ಬಿಟ್ಟಾಳ. ನಿಮ್ಮ ಜೋಡಿನೂ ಬಿಟ್ರ, ಆಕಿ ಯಾರ ಜೋಡಿ ಮಾತಾಡಬೇಕು?"

ನಾನು ಒಪ್ಪಿಕೊಂಡೆ ಎನ್ನುವುದು ದೊಡ್ಡ ಮಾತಾಯಿತು. ಹೆದರಿ ಸುಮ್ಮನಾದೆ, ಅಷ್ಟೇ.

ಅತ್ತೆ ಆಮೇಲೆ ಏಳು ವರ್ಷ ಬದುಕಿದರು. ಮಗ ಎರಡು ಮೊಳ ದೂರದಲ್ಲಿ ಉಣ್ಣುತ್ತ ಕೂತಿದ್ದರೆ ನನ್ನ ಕಡೆ ತಿರುಗಿ, "ಅವಗ ಇನ್ನೊಂದು ರೊಟ್ಟಿ ಬೇಕೇನು ಕೇಳು" ಅನ್ನುತ್ತಿದ್ದರು. ನಾನು ಕೇಳುತ್ತಿದ್ದೆ. ಅವನು "ಸಾಕ್ರಿ" ಅನ್ನುತ್ತಿದ್ದ. ಬೆಣ್ಣೆ ನಿಂತುಹೋಯಿತು. ಅವನು ವರ್ಕ್‌ಶಾಪು ಬಿಟ್ಟು ಕಾಲೇಜಿನ ಸ್ಟೋರಿನಲ್ಲಿ ಚೀಟಿ ಬರೆಯುತ್ತ ಕೂತ. ಅಂಗೈಯ ಗೆರೆಗಳು ಬೆಳ್ಳಗಾದವು. ಅವನ್ನು ಈಗ ಯಾರಿಂದಲೂ ಮುಚ್ಚಿಡಬೇಕಾಗಿರಲಿಲ್ಲ, ಆದರೂ ಎಡಗೈ ತೊಡೆಯ ಕೆಳಗೇ ಇರುತ್ತಿತ್ತು. ಮದುವೆಯ ಮಾತನ್ನು ಯಾರೂ ಎತ್ತಲಿಲ್ಲ. ಅತ್ತೆ ಕೊನೆಯ ದಿನ ನನ್ನ ಕೈ ಹಿಡಿದು, "ನೀ ಇದ್ದಿ ಅಂತ ಇಷ್ಟು ದಿನ ಬದುಕಿದೆ" ಅಂದರು. ಅವನು ಬಾಗಿಲಲ್ಲಿ ನಿಂತು ಕೇಳಿಸಿಕೊಂಡ. ಆಗಲೂ ನಾನು ಬಾಯಿ ಬಿಡಲಿಲ್ಲ. ಇದಕ್ಕೆ ಕ್ಷಮೆ ಕೇಳಲು ನನಗೆ ಯಾರೂ ಉಳಿದಿಲ್ಲ.

ಎರಡು ವರ್ಷದ ಮೇಲೆ ಅವನಿಗೆ ಕಾಮಾಲೆ ಆಯಿತು, ಏರಿತು, ಇಳಿಯಲಿಲ್ಲ. ಹಾಸಿಗೆಯಲ್ಲಿ ಮಲಗಿದ್ದವನು ಒಂದು ಮಧ್ಯಾಹ್ನ ಕೇಳಿದ: "ವೈನಿ, ನೀವು ಗಣಿತದ ಮಾಸ್ತರ್ತಿ. ಖರೇ ಹೇಳ್ರಿ, ಹದಿನೆಂಟರಾಗ ಮುಟ್ಟತಿತ್ತೇನು?"

"ಮುಟ್ಟತಿತ್ತು" ಅಂದೆ. "ಹದಿನೇಳೂವರಿ."

ಅವನು ಲೆಕ್ಕ ಸರಿಯಿದೆ ಎಂಬಂತೆ ತಲೆಯಾಡಿಸಿದ. ಆ ವಾರವೇ ಹೋದ.

ಅಂದು ರಸ್ತೆಯಿಂದ ಎಳೆದು ತಂದು ನಿಲ್ಲಿಸಿದ ಕಾರು ಇನ್ನೂ ಸೀತಾಫಲದ ಗಿಡದ ಕೆಳಗಿದೆ. ಅವನ ಹದಿಮೂರನೆಯ ದಿನ ಮುಗಿದ ಮೇಲೆ ದೇವರ ಕೋಣೆಯಿಂದ ಜಾಕು ತಂದು, ತಿರುಪಿಗೆ ಎಣ್ಣೆ ಬಿಟ್ಟು, ಮುಂದಿನ ಎಡಗಡೆಯನ್ನು ಎತ್ತಿದೆ. ಹೊಲದಿಂದ ಬಂದು ಮೂಲೆಯಲ್ಲಿ ಒರಗಿದ್ದ ಗಾಲಿಯನ್ನು ಉರುಳಿಸಿಕೊಂಡು ಬಂದು ಕೂರಿಸಿದೆ. ಎರಡೇ ಬೋಲ್ಟು ಹಿಡಿದವು. ಕೈಯಿಂದ ತಿರುವಿ, ಕಾರನ್ನು ಜಾಕಿನ ಮೇಲೆಯೇ ಬಿಟ್ಟೆ.

ಬಂದವರು ಕೇಳುತ್ತಾರೆ, "ನಿಮ್ಮ ಮನಿಯವರನ್ನ ನುಂಗಿದ ಕಾರು, ಅದನ್ಯಾಕ ಇಟಗೊಂಡೀರಿ?" ಎಂದು. ನಾನು ಒಬ್ಬೊಬ್ಬರಿಗೂ ಹೇಳುತ್ತೇನೆ. "ನನ್ನ ಮೈದುನಂದು ಏನೂ ತಪ್ಪಿಲ್ಲ. ಜಾಕ್ ಇಳಿಸಿದಾಕಿ ನಾ." ಅವರು ಮುಖ ಮುಖ ನೋಡಿಕೊಳ್ಳುತ್ತಾರೆ. ಪಾಪ, ಮೈದುನನ ಮೇಲಿನ ಅಂತಃಕರಣಕ್ಕೆ ಹೀಗೆ ಹೇಳುತ್ತಾಳೆ ಅಂದುಕೊಳ್ಳುತ್ತಾರೆ. ಒಬ್ಬರೂ ನಂಬುವುದಿಲ್ಲ. ಆ ತಪ್ಪನ್ನು ಅಷ್ಟು ಬಿಗಿಯಾಗಿ ತನಗೆ ತಾನೇ ಹಾಕಿಕೊಂಡು ಹೋಗಿದ್ದಾನೆ ಅವನು. ಒಬ್ಬರಾದರೂ ನಂಬುವವರೆಗೆ ಕೆಲಸ ಬಾಕಿಯೇ; ಆ ಗಾಲಿಯನ್ನು ನಾನು ಇಳಿಸುವುದಿಲ್ಲ.