ಖಂಡೇ ಪೂಜೆಗಿಟ್ಟ ಹಾಕಿ ಸ್ಟಿಕ್

ನಾನು ಚಿಕ್ಕವಳಿದ್ದಾಗ ನನ್ನ ಕೈ ಒಂದು ಗಳಿಗೆ ಸುಮ್ಮನಿರುತ್ತಿರಲಿಲ್ಲ. ನಿಮ್ಮ ಹಾಗೆಯೇ ಅನ್ನಿ! ಆ ಕೈಯಿಂದ ಒಮ್ಮೆ ಎಂಥ ಎಡವಟ್ಟಾಯಿತು, ಕೇಳಿರಿ ಮೊಮ್ಮಕ್ಕಳೇ.

ಆಗ ನಮ್ಮ ಮನೆ ಖಾನಾಪುರದಲ್ಲಿತ್ತು. ಅಪ್ಪ ಬಡಗಿ. ಅಕ್ಕ ಸಾಲಿಯ ಹಾಕಿ ತಂಡದಲ್ಲಿ ಫಾರ್ವರ್ಡ್, ಅಂದರೆ ಎಲ್ಲರಿಗಿಂತ ಮುಂದೆ ಓಡಿ ಗೋಲು ಹೊಡೆಯುವವಳು. ಆ ವರ್ಷ ಖಂಡೇ ಪೂಜೆಯ, ಅಂದರೆ ಆಯುಧಪೂಜೆಯ ದಿನವೇ ಬೆಳಗಾವಿಯಲ್ಲಿ ರಾಜ್ಯ ತಂಡಕ್ಕೆ ಆಯ್ಕೆ ಇತ್ತು. ಸ್ಟಿಕ್ ತಾವೇ ತರಬೇಕು, ಇಲ್ಲದವರನ್ನು ಆಡಿಸುವುದಿಲ್ಲ ಎಂದು ಮಾಸ್ತರರು ಹೇಳಿದ್ದರು. ಅಕ್ಕನಿಗೆ ಇದ್ದದ್ದು ಒಂದೇ ಸ್ಟಿಕ್.

ಬೆಳಗಾಗುತ್ತಲೇ ಅಪ್ಪ ಗರಗಸ, ಉಳಿ, ಬಾಚಿಗಳನ್ನು ತೊಳೆದು ದೇವರ ಜಗುಲಿಯ ಮುಂದೆ ಸಾಲಾಗಿ ಇಟ್ಟು ಹೂ ತರಲು ಹೋದ. ಹೀಗೆ ಪೂಜೆಗಿಟ್ಟ ಸಾಮಾನನ್ನು ಮರುದಿನ ಬನ್ನಿ ಎಲೆ ಹಂಚುವವರೆಗೂ ಯಾರೂ ಮುಟ್ಟುವಂತಿಲ್ಲ. ಅಕ್ಕ ಜಳಕಕ್ಕೆ ಹೋಗಿದ್ದಳು. ಅವಳ ಸ್ಟಿಕ್ಕಿಗೂ ದೇವರ ಆಶೀರ್ವಾದ ಸಿಗಲಿ ಎಂದು ನಾನೇ ಅದನ್ನು ಒಯ್ದು ಗರಗಸದ ಬಾಜು ಇಟ್ಟೆ. ಅಜ್ಜಿ ಎಲ್ಲಕ್ಕೂ ವಿಭೂತಿ, ಕುಂಕುಮ ಹಚ್ಚಿ, ಅಪ್ಪ ತಂದ ಚೆಂಡುಹೂ ಏರಿಸಿ, ಊದಿನಕಡ್ಡಿ ಬೆಳಗಿ ಕೈಮುಗಿದಳು. ಮನೆಯೆಲ್ಲ ಕರ್ಪೂರದ, ಹೋಳಿಗೆಯ ಘಮ. ನನಗೋ ಭಾರೀ ಹೆಮ್ಮೆ!

ಅಕ್ಕ ಬಂದು ಸ್ಟಿಕ್ ಎತ್ತಲು ಬಾಗಿದಳು.

"ಮುಟ್ಟಬ್ಯಾಡ! ನಾಳೆ ಬನ್ನಿ ಕೊಟ್ಟ ಮ್ಯಾಲೆನ ತಗೋಬೇಕು" ಎಂದು ಅಜ್ಜಿ ಕೂಗಿದಳು.

ಅಕ್ಕನ ಮುಖ ಬಿಳಿಚಿಹೋಯಿತು. "ನಾನ ಇಟ್ಟೆ" ಎಂದು ನಾನು ಅತ್ತುಬಿಟ್ಟೆ. ಅವಳು ಕಂಬಕ್ಕೆ ಒರಗಿ ಕುಳಿತುಬಿಟ್ಟಳು. ನನ್ನನ್ನು ಬೈದಿದ್ದರೇ ಚೆನ್ನಾಗಿತ್ತು.

ಪೂಜೆಯ ದಿನ ಅಪ್ಪ ತನ್ನ ಬಾಚಿಯನ್ನೇ ಯಾವತ್ತೂ ಮುಟ್ಟಿದವನಲ್ಲ. ಆದರೆ ಅಂದು ದೇವರಿಗೆ ಕೈಮುಗಿದು, ಸ್ಟಿಕ್ ತಾನೇ ಎತ್ತಿ ಅಕ್ಕನ ಕೈಗಿಟ್ಟ.

"ಯವ್ವಾ, ಇದರ ಕೆಲಸ ಇವತ್ತ ಐತಿ. ತಪ್ಪಾದ್ರ ನನಗ ತಟ್ಟಲಿ, ಕೂಸಿಗಲ್ಲ" ಎಂದು ಅಜ್ಜಿಗೆ ಹೇಳಿದ.

ಅಜ್ಜಿ ಗೊಣಗಿದಳು. ಗೊಣಗುತ್ತಲೇ ಅಕ್ಕನ ಹಣೆಗೆ ವಿಭೂತಿ ಹಚ್ಚಿ, "ಲಗೂನ ಹೋಗ್ರಿ, ಬಸ್ ತಪ್ಪೀತು" ಎಂದಳು.

ಬೆಳಗಾವಿಯ ಮೈದಾನದಲ್ಲಿ ಬರೀ ಕೆಂಪು ಧೂಳು. ಅಪ್ಪ ನನ್ನನ್ನು ಹೆಗಲ ಮೇಲೆ ಕೂಡಿಸಿಕೊಂಡಿದ್ದ. ಕುಂಕುಮ ಹಚ್ಚಿದ ಸ್ಟಿಕ್ ನೋಡಿ ಕೆಲವು ಹುಡುಗಿಯರು ನಕ್ಕರು. ಅಕ್ಕ ಇಬ್ಬರನ್ನು ದಾಟಿ ಹೋಗಿ ಗೋಲು ಬಾರಿಸಿದಳು ನೋಡಿ, ನಗುವವರ ಬಾಯಿ ಬಂದಾಯಿತು! ಸಂಜೆ ಓದಿದ ಪಟ್ಟಿಯಲ್ಲಿ ಅವಳ ಹೆಸರಿತ್ತು. ಬಸ್ಸಿನಲ್ಲಿ ಅವಳು ನನ್ನ ಗಲ್ಲ ಹಿಂಡಿ, "ನಿನ್ನ ಪೂಜಿ ಫಲಾ ಕೊಡ್ತು ನೋಡ" ಅಂದಳು. ಅಪ್ಪ ಕಿಟಕಿಯ ಕಡೆ ತಿರುಗಿ ಕಣ್ಣೊರೆಸಿಕೊಳ್ಳುತ್ತಿದ್ದ. ಮುಂದೆ ಅಕ್ಕ ಭಾರತ ತಂಡದ ಅಂಗಿ ತೊಟ್ಟು ದೇಶ ದೇಶ ಸುತ್ತಿ, ವರ್ಷಗಟ್ಟಲೆ ಆಡಿದಳು.

ಈಗ ಬೆಳಗಾವಿಯ ಮಹಾಂತೇಶ ನಗರದ ಈ ಮನೆಯಲ್ಲಿ ನಿಮಗೆ ಒಬ್ಬೊಬ್ಬರಿಗೆ ಎರಡೆರಡು ಸ್ಟಿಕ್, ಕಾಲಿಗೆ ಬೂಟು, ಆಡಲು ಹಸಿರು ಹಾಸಿನ ಮೈದಾನ. ಅಂದು ಒಬ್ಬ ಹುಡುಗಿ ಆಡಲು ಹೊರಡಬೇಕಾದರೆ ಅವಳ ಅಪ್ಪ ದೇವರ ಮುಂದೆ ತಪ್ಪು ಹೊತ್ತುಕೊಳ್ಳಬೇಕಾಯಿತು. ನೀವೋ, ನಿಮ್ಮ ಅಜ್ಜಿಯಾದ ನನಗೆ ಒಂದು ಮಾತು ಹೇಳದೆಯೇ ಬಾಗಿಲು ದಾಟಿ ಓಡಿಬಿಡುತ್ತೀರಿ. ಬೈಯಬೇಕೆಂದು ಎದ್ದು ಬರುತ್ತೇನೆ. ಆದರೆ ನೀವು ಹಾಗೆ ಯಾರನ್ನೂ ಕೇಳದೆ ಓಡುವುದನ್ನು ನೋಡುತ್ತ ನಿಂತರೆ ಎಷ್ಟು ಖುಷಿಯಾಗುತ್ತದೆ ಗೊತ್ತೇನ್ರೇ, ಬೈಯುವುದೇ ಮರೆತುಹೋಗುತ್ತದೆ.