ಹುಳುಗಳ ಪಾಲಾದ ಮಾತ್ರೆ

ನಂದಗುಡಿ ಕಡೆಯ ಆಸ್ಪತ್ರೆಯೊಂದರಲ್ಲಿ ನಾನು ನರ್ಸು. ಆಂಟಿಬಯಾಟಿಕ್ ಮಾತ್ರೆಯನ್ನು ನೆಗಡಿಗೆಲ್ಲ ಯಾಕೆ ಕೇಳಬಾರದು, ಬರೆದುಕೊಟ್ಟರೆ ಯಾಕೆ ಪೂರ್ತಿ ನುಂಗಬೇಕು ಎಂದು ರೋಗಿಗಳಿಗೆ ಅವರ ಮಾತಿನಲ್ಲೇ ತಿಳಿಸಿ ಹೇಳುವುದು ನನ್ನ ಪಾಲಿನ ಕೆಲಸ. ಅದರಲ್ಲಿ ನನಗೆ ಒಳ್ಳೆಯ ಹೆಸರಿತ್ತು, ಜಂಬವೂ ಇತ್ತು. ಅಂಥ ನನಗೆ ನಮ್ಮ ಮನೆಯಲ್ಲೇ ಒಬ್ಬ ರೋಗಿ ಸುಳ್ಳು ಹೇಳಿದಳು. ಅವಳು ನನ್ನ ಅಮ್ಮ.

ಅಮ್ಮ ಹಿತ್ತಿಲಿನ ಹುಳುಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಿದ್ದಳು. ಒಮ್ಮೆ ಮೂತ್ರದ ಸೋಂಕಾಗಿ ಚಳಿಜ್ವರದಲ್ಲಿ ನಡುಗತೊಡಗಿದಳು. ನಮ್ಮ ಡಾಕ್ಟರಮ್ಮ ಐದು ದಿನಕ್ಕೆಂದು ಹತ್ತು ಮಾತ್ರೆಯ ಒಂದು ಶೀಟು ಕೊಟ್ಟರು. ಮೂರನೇ ದಿನ ಜ್ವರ ಬಿಟ್ಟಿತು. ವಾರ ಕಳೆಯುವಷ್ಟರಲ್ಲಿ ಮತ್ತೆ ಬಂತು, ಮೊದಲಿಗಿಂತ ಜೋರಾಗಿ.

"ಮಾತ್ರೆ ಎಲ್ಲಾ ನುಂಗಿದ್ಯೇನಮ್ಮಾ?"

"ಹೂಂ ಕಣೇ, ಎಷ್ಟು ಸಲ ಕೇಳ್ತೀಯ?"

ಅಮ್ಮನನ್ನು ಆಸ್ಪತ್ರೆಗೆ ಕರೆದೊಯ್ದು, ಪೂರ್ತಿ ನುಂಗಿದ್ದಾಳೆ, ಆದರೂ ನಾಟಿಲ್ಲ ಎಂದು ನಾನೇ ಡಾಕ್ಟರಮ್ಮನಿಗೆ ಹೇಳಿದೆ. ಇನ್ನೂ ಜೋರಾದ ಔಷಧಿ ಬರೆಯಲು ಹೊರಟವರು ಅಮ್ಮನ ಮುಖ ನೋಡಿ ಪೆನ್ನು ಕೆಳಗಿಟ್ಟರು. "ಸಿಸ್ಟರ್, ನೀವು ಸ್ವಲ್ಪ ಹೊರಗಿರಿ" ಎಂದರು. ನನಗೆ ಮೈಯೆಲ್ಲ ಉರಿಯಿತು. ಪರದೆಯ ಆಚೆ ನಿಂತು ಕಿವಿಗೊಟ್ಟೆ.

"ಅಮ್ಮಾ, ಮಾತ್ರೆ ಎಷ್ಟು ಉಳಿದಿತ್ತು?" ಅವರು ಕೇಳಿದ್ದು ಇಷ್ಟೇ. ನುಂಗಿದಿರಾ ಎಂದು ಕೇಳಲಿಲ್ಲ.

ಅಮ್ಮ ದನಿ ತಗ್ಗಿಸಿದಳು. "ನಾಕು ಉಳಿದಿತ್ತು ಡಾಕ್ಟ್ರಮ್ಮ. ಹುಳಕ್ಕೆ ಸಪ್ಪೆ ರೋಗ ಬಂದ್ಬಿಟ್ಟಿತ್ತು, ಮೇವೇ ಮುಟ್ತಿರ್ಲಿಲ್ಲ. ಜ್ವರ ಬಿಟ್ಟೈತಲ್ಲ, ನಂಗಿನ್ಯಾಕೆ ಅಂತ ಅರೆದು ನೀರಲ್ಲಿ ಕಲಸಿ ಹಿಪ್ಪುನೇರಳೆ ಸೊಪ್ಪಿಗೆ ಚಿಮುಕಿಸ್ದೆ. ನನ್ನ ಮಗಳಿಗೆ ಮಾತ್ರ ಹೇಳ್ಬೇಡಿ, ಬೈದು ಮಾನ ಕಳೀತಾಳೆ."

ಡಾಕ್ಟರಮ್ಮ ನಕ್ಕರು. ಅಮ್ಮನೂ ನಕ್ಕಳು. "ಹುಳದ ಕಾಯಿಲೆಗೆ ರೇಷ್ಮೆ ಇಲಾಖೆಯವರನ್ನ ಕೇಳಿ. ಇದು ನಿಮ್ಮ ಮಾತ್ರೆ. ಜ್ವರ ಬಿಟ್ರೂ ಒಳಗೆ ಕ್ರಿಮಿ ಉಳಿದಿರುತ್ತೆ. ಈ ಸಲ ಪೂರ್ತಿ ನುಂಗಿ, ಖಾಲಿ ಶೀಟು ಮಗಳಿಗೆ ತೋರಿಸಿ." ಮೂತ್ರ ಪರೀಕ್ಷೆಗೆ ಕಳಿಸಿ, ಅದೇ ಮಾತ್ರೆಯನ್ನು ಮೊದಲಿನಿಂದ ಬರೆದರು.

ನಾನು ಬೈಯಲಿಲ್ಲ. ಅದಕ್ಕಿಂತ ಕೆಟ್ಟದ್ದು ಮಾಡಿದೆ, ಮುಖ ಊದಿಸಿಕೊಂಡೆ. ಊರವರೆಲ್ಲ ನನ್ನೆದುರು ಬಾಯಿ ಬಿಡುತ್ತಾರೆ, ಹೆತ್ತ ತಾಯಿ ಬಿಡಲಿಲ್ಲವಲ್ಲ ಎಂಬ ಸಿಟ್ಟು. ಅಮ್ಮ ಸಂಜೆ ನಾನು ಬರುವ ಹೊತ್ತಿಗೇ ಜಗಲಿಯಲ್ಲಿ ಕೂತು, ನನಗೆ ಕಾಣುವ ಹಾಗೆ ಮಾತ್ರೆ ನುಂಗುತ್ತಿದ್ದಳು. ನಾನು ಚಪ್ಪಲಿ ಬಿಟ್ಟು ಒಳಗೆ ಹೋಗುತ್ತಿದ್ದೆ. ಒಂದು ಸಂಜೆ ಸೆರಗಿನಲ್ಲಿ ಏನೋ ಹಿಡಿದು ಬಾಗಿಲಿಗೆ ಬಂದಳು. "ಇಲ್ನೋಡೇ" ಎಂದಳು. "ಸುಸ್ತಾಗೈತಮ್ಮಾ, ಆಮೇಲೆ" ಎಂದೆ. ಆ ಆಮೇಲೆ ಬರಲೇ ಇಲ್ಲ.

ಆ ಸಲ ಅಮ್ಮ ಪೂರ್ತಿ ಗುಣವಾದಳು, ಇನ್ನೂ ಎರಡು ವರ್ಷ ಹುಳು ಸಾಕಿದಳು. ಒಂದು ಬೆಳಿಗ್ಗೆ ಸೊಪ್ಪು ಕೊಯ್ಯುತ್ತಿರುವಾಗಲೇ ಎದೆಬಡಿತ ನಿಂತುಹೋಯಿತು. ಆಮೇಲೆ ಹುಳುಮನೆ ಖಾಲಿ ಮಾಡುವಾಗ, ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಯೊಂದರ ಸಂದಿಯಲ್ಲಿ ಮಾತ್ರೆಯ ಶೀಟು ಸಿಕ್ಕಿತು. ಹತ್ತೂ ಗುಳಿ ಖಾಲಿ. ನೀಟಾಗಿ ಮಡಿಸಿಟ್ಟಿದ್ದಳು.

ಈಗ ನಾನೂ ರೋಗಿಗಳನ್ನು "ಎಷ್ಟು ಉಳಿದಿದೆ?" ಎಂದೇ ಕೇಳುತ್ತೇನೆ. ನಿಜ ಹೇಳುತ್ತಾರೆ. ಸೆರಗಿನ ಗಂಟು ಬಿಚ್ಚಿ ಶೀಟು ತೆಗೆಯುವ ಮುದುಕಿಯರನ್ನು ಕಂಡರೆ ಅಮ್ಮ ಬಹಳ ನೆನಪಾಗುತ್ತಾಳೆ. ಆ ಒಂದು ಸಂಜೆ ಮತ್ತೆ ಸಿಕ್ಕಿದರೆ ಸಾಕು. ಚಪ್ಪಲಿ ಬಿಡುವ ಮೊದಲೇ ಕೈ ಚಾಚಿ, "ಎಲ್ಲಿ, ತೋರ್ಸಮ್ಮಾ" ಎನ್ನುತ್ತೇನೆ.